ನಾಲ್ಕು ಜಡೆಗಳಿಗೊಂದು ಕೋಣೆ

‘ನಾಲ್ಕು ಜುಟ್ಟು ಒಂದು ಕಡೆ ಇದ್ದೀತು, ಎರಡು ಜಡೆ ಒಂದು ಕಡೆ ಇರಲಾರವು’ ಎಂಬ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಹಾಸನ ಜಿಲ್ಲೆಯಲ್ಲಿ ಇರಲಾರಳು. ಇದನ್ನು ಕಟ್ಟಿದವನ ತಲೆಯಲ್ಲಿ ಜುಟ್ಟೇ ಇತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನಾನು ಲೆಕ್ಕ ಹಾಕಿಯೇ ಹೇಳುತ್ತೇನೆ: ಜಡೆಗಳ ಗುಣದಲ್ಲಿ ದೋಷವಿರಲಿಲ್ಲ, ಅವಕ್ಕೆ ಕೂರುವ ಜಾಗವಿರಲಿಲ್ಲ. ಜುಟ್ಟುಗಳಿಗೆ ಅರಳಿಕಟ್ಟೆ ಇತ್ತು, ಹೋಟೆಲಿನ ಬೆಂಚಿತ್ತು, ಕ್ಲಬ್ಬಿತ್ತು, ಕ್ಷೌರದಂಗಡಿಯ ಪೇಪರಿತ್ತು. ನಮಗೆ?

ಇತ್ತು ಅನ್ನಿ, ಒಂದಿಷ್ಟು. ಹೊಳೆನರಸೀಪುರದ ನಮ್ಮಜ್ಜಿಯ ಕಾಲಕ್ಕೆ ಹೇಮಾವತಿಯ ದಡವಿತ್ತು. ಬಟ್ಟೆ ಒಗೆಯುವ ನೆಪದಲ್ಲಿ ಊರಿನ ಅರ್ಧ ಕಷ್ಟ ಅಲ್ಲಿ ನೀರಿಗೆ ಬೀಳುತ್ತಿತ್ತು. ಅರಕಲಗೂಡಿನಲ್ಲಿ ಹಿಟ್ಟಿನ ಗಿರಣಿಯ ಮುಂದಿನ ಸಾಲು. ಚನ್ನರಾಯಪಟ್ಟಣದಲ್ಲಿ ಬಾವಿಕಟ್ಟೆ. ಹಾಸನದಲ್ಲಿ ಭಜನಾ ಮಂಡಳಿಯ ಹಿಂದಿನ ಸಾಲು. ಆಮೇಲೆ ಮನೆಗೆ ನಲ್ಲಿ ಬಂತು, ಮಿಕ್ಸಿ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು. ಬಂದದ್ದು ಒಳ್ಳೆಯದೇ ಆಯಿತು. ಕೊಡ ಹೊತ್ತು ಸೊಂಟ ಮುರಿದುಕೊಂಡವರನ್ನು ಕಂಡ ನಾನು ಆ ಕಾಲ ಹೋಯಿತಲ್ಲ ಎಂದು ಕಣ್ಣೀರಿಡುವವಳಲ್ಲ. ಆದರೆ ಕೊಡದ ಜೊತೆಗೆ ಕಟ್ಟೆಯೂ ಹೋಯಿತು. ಅದರ ಬದಲಿಗೆ ನಮಗೆ ಕೊಟ್ಟ ಜಾಗ ಯಾವುದು, ಅದನ್ನು ಆರಿಸಿದವರು ಯಾರು ಎಂದು ನಾವು ಕೇಳಲಿಲ್ಲ. ಅದನ್ನೇ ಈಗ ಕೇಳಬೇಕೆಂದಿದ್ದೇನೆ.

ಮೊದಲು ಟೆಲಿಫೋನು ಬಂತು. ಅದು ಕೂತದ್ದು ನಡುಮನೆಯಲ್ಲಿ, ಮಾವನವರ ಕುರ್ಚಿಯ ಪಕ್ಕದಲ್ಲಿ, ಕ್ರೋಶಾ ಹೊದಿಕೆ ಹೊದ್ದುಕೊಂಡು. ಅದರಲ್ಲಿ ನಾವು ‘ಹ್ಞೂಂ’, ‘ಎಲ್ಲ ಚೆನ್ನಾಗಿದ್ದೀವಿ’, ‘ಇಡಲಾ?’ ಎಂಬ ಮೂರು ಮಾತಿಗಿಂತ ಹೆಚ್ಚು ಆಡಿದ್ದುಂಟೇ? ಆಮೇಲೆ ಬೀದಿಯ ಎಸ್‌ಟಿಡಿ ಬೂತು. ನಾಲ್ಕೂ ಕಡೆ ಗಾಜು, ಕಣ್ಣೆದುರು ಓಡುವ ಮೀಟರು, ಬಾಗಿಲಾಚೆ ವಾಚು ನೋಡಿಕೊಳ್ಳುತ್ತಾ ನಿಂತ ಗಂಡಸರು. ತವರಿನ ಸುದ್ದಿಗೆ ಅತ್ತರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಕೆಲವು ವರ್ಷಗಳಲ್ಲಿ ಹಾಸನಕ್ಕೂ ಸೈಬರ್ ಕೆಫೆಗಳು ಬಂದವು. ನಮ್ಮೂರಿಗೆ ಈ ವಿಷಯದಲ್ಲಿ ಒಂದು ವಿಶೇಷವಿದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಇನ್ಸಾಟ್ ಉಪಗ್ರಹಗಳ ಲಗಾಮು ಹಿಡಿದಿರುವುದು ಆ ಕೇಂದ್ರವೇ. ದೇಶದ ಟಿವಿ, ದೂರವಾಣಿ ಎಲ್ಲ ಆಕಾಶದಲ್ಲಿ ದಾರಿ ತಪ್ಪದಂತೆ ನೋಡಿಕೊಂಡ ಊರು ನಮ್ಮದು. ಆ ಊರಿನ ಹೆಂಗಸರು ಮಾತ್ರ ಒಂದು ಮಾತು ಆಡಲು ಹಿತ್ತಿಲಿಗೆ ಹೋಗಬೇಕಿತ್ತು.

2000ದ ಆಸುಪಾಸಿನಲ್ಲಿ ನಾನೂ ಒಂದು ಕೆಫೆಗೆ ಹೋದೆ. ಅದರ ಹೆಸರು ಬೇಡ. ಪರದೆಯ ಮೇಲೆ ಎಂಐಆರ್‌ಸಿ ಎಂಬ ತಂತ್ರಾಂಶ ಮೊದಲೇ ತೆರೆದಿತ್ತು. ಕೂರುವ ಮುಂಚೆಯೇ ಅಂಗಡಿಯ ಹುಡುಗ ನನ್ನ ಪರವಾಗಿ ಒಂದು ಹೆಸರು ಹೊಡೆದುಬಿಟ್ಟಿದ್ದ: ‘ಸ್ವೀಟಿ’. ‘ಲೇಡೀಸಿಗೆಲ್ಲ ಅದೇ ಹಾಕೋದು ಮೇಡಂ’ ಎಂದ. ಅರ್ಧ ನಿಮಿಷದಲ್ಲಿ ಹತ್ತು ಕಿಟಕಿಗಳು ತೆರೆದುಕೊಂಡವು, ಹತ್ತರಲ್ಲೂ ಒಂದೇ ಪ್ರಶ್ನೆ: ವಯಸ್ಸೆಷ್ಟು, ಹೆಣ್ಣೋ ಗಂಡೋ, ಊರು ಯಾವುದು. ಅಂದು ನನಗೆ ಹೊಳೆದದ್ದು ಇಷ್ಟು. ಯಂತ್ರ ಕೆಟ್ಟದ್ದಲ್ಲ, ಆದರೆ ನನ್ನ ಹೆಸರು, ನಾನು ಒಳಹೋದ ಬಾಗಿಲು, ನಾನು ಕೂತ ಕೋಣೆ, ಮೂರನ್ನೂ ಬೇರೆ ಯಾರೋ ಆರಿಸಿಟ್ಟಿದ್ದರು.

ಇದು ನನ್ನೊಬ್ಬಳ ಕಲ್ಪನೆಯಲ್ಲ. 2006ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥದೇ ಹರಟೆಕೋಣೆಗಳಲ್ಲಿ ಬೇರೆ ಬೇರೆ ಹೆಸರುಗಳನ್ನು ಕೂರಿಸಿ ಲೆಕ್ಕ ಬರೆದರು. ಹೆಣ್ಣು ಹೆಸರುಗಳಿಗೆ ದಿನಕ್ಕೆ ಸರಾಸರಿ 100 ಅಸಭ್ಯ ಅಥವಾ ಬೆದರಿಕೆಯ ಖಾಸಗಿ ಸಂದೇಶಗಳು ಬಂದವು, ಗಂಡು ಹೆಸರುಗಳಿಗೆ 3.7. ಆ ಹೆಸರುಗಳ ಹಿಂದೆ ಮಾತಾಡುವ ಹೆಣ್ಣಿರಲೇಬೇಕೆಂದಿರಲಿಲ್ಲ. ಸುಮ್ಮನೆ ಹೆಸರು ಕೂತಿದ್ದರೆ ಸಾಕಿತ್ತು. ‘ಹೆಂಗಸರೇ ಏನೋ ಮಾತಾಡಿ ಮೈಮೇಲೆ ಎಳೆದುಕೊಳ್ಳುತ್ತಾರೆ’ ಎನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಇಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರವೇನು? ‘ಹೆಣ್ಣುಮಕ್ಕಳು ಅಲ್ಲಿಗೆಲ್ಲ ಹೋಗಬಾರದು’ ಎಂಬುದು. ಸರ್ಕಾರ ಕಂಡುಕೊಂಡದ್ದು? 2011ರ ಸೈಬರ್ ಕೆಫೆ ನಿಯಮಗಳು. ಮರೆಯ ಎತ್ತರ 4.5 ಅಡಿ ಮೀರಬಾರದು. ಮರೆಯಿಲ್ಲದ ಕಡೆ ಕಂಪ್ಯೂಟರಿನ ಪರದೆ ಎಲ್ಲರೂ ಓಡಾಡುವ ಕಡೆಗೆ ಮುಖ ಮಾಡಿರಬೇಕು. ಬಂದವರ ಗುರುತಿನ ಚೀಟಿ ನೋಡಿ ಬರೆದಿಡಬೇಕು. ಕಳ್ಳರಿಗೆಂದು ಮಾಡಿದ ನಿಯಮ, ಇರಲಿ. ಆದರೆ ಗಂಡನ ಹೊಡೆತದ ವಿಷಯವನ್ನು ಅಕ್ಕನಿಗೆ ಬರೆಯಲು ಬಂದವಳ ಪರದೆಯೂ ಬೀದಿಗೆ ಕಾಣುವಂತಾಯಿತು. ಎಸ್‌ಟಿಡಿ ಬೂತಿನ ಗಾಜೇ ಇಲ್ಲಿಗೂ ಬಂತು.

ಈಗಂತೂ ಎಲ್ಲರ ಕೈಯಲ್ಲೂ ಫೋನಿದೆಯಲ್ಲ ಎನ್ನುತ್ತೀರಿ. ಇದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಬಡಾವಣೆಯ ಗುಂಪಿನಲ್ಲಿ ನಾನಿದ್ದೆ. ಸೇರಿಸಿದವರು ನನ್ನನ್ನು ಕೇಳಿರಲಿಲ್ಲ. ನನ್ನ ನಂಬರು ಮುಖವೇ ಕಾಣದ ಇನ್ನೂರು ಜನಕ್ಕೆ ಹೋಗಿತ್ತು. ಮೂರನೆಯ ದಿನ ಒಬ್ಬ ಮಹಾಶಯರಿಂದ ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ?’ ಬಂತು. ಮನೆತನದ ಗುಂಪು ಬೇರೆ. ಅದರಲ್ಲಿ ಭಾವ, ಮೈದುನ, ಮಾವನ ತಮ್ಮ, ಅಳಿಯ, ಎಲ್ಲರೂ ಇದ್ದಾರೆ. ಅಲ್ಲಿ ನಾವು ಹಾಕುವುದು ಏನು? ಬೆಳಗಿನ ದೇವರ ಫೋಟೋ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಕೈಮುಗಿಯುವ ಚಿತ್ರ. ನಡುಮನೆಯ ಟೆಲಿಫೋನಿನಲ್ಲಿ ಆಡಿದ ಅದೇ ಮೂರು ಮಾತು, ಈಗ ಬಣ್ಣದಲ್ಲಿ. ಇದಕ್ಕೆ ‘ಸಂಪರ್ಕ ಕ್ರಾಂತಿ’ ಎಂದು ಹೆಸರು.

ಹೋಗಲಿ ಬಿಡಿ, ಫೋಟೋ ಹಾಕಿಕೊಂಡು ಸುಖವಾಗಿದ್ದರೆ ನನಗೇನು ಕಷ್ಟ ಎನ್ನಬಹುದು. ಕಷ್ಟ ಎಲ್ಲಿ ಬರುತ್ತದೆಂದು ಹೇಳುತ್ತೇನೆ. ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಗೆಳತಿಯೊಬ್ಬಳು ಚನ್ನರಾಯಪಟ್ಟಣದಲ್ಲಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಒಂದು ದಿನ ಸೀರೆ, ಹಣ್ಣು ಹಿಡಿದು ಬಂದರು. ‘ಅರಿಸಿನ ಕುಂಕುಮಕ್ಕೆ ಇಷ್ಟು ಅಂತ ಕೊಡ್ತೀವಿ ಕಣಮ್ಮ, ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಹಿ ಹಾಕ್ಬಿಡು’ ಎಂದರು. ಅದು ಹಕ್ಕು ಬಿಡುಗಡೆ ಪತ್ರ. ಅವಳಿಗಿದ್ದದ್ದು ನಾಲ್ಕು ದಿನ. ಅವಳು ಯಾರನ್ನು ಕೇಳಬೇಕು? ಮನೆತನದ ಗುಂಪಿನಲ್ಲಿ ಅಣ್ಣಂದಿರೇ ಇದ್ದಾರೆ. ಅವಳ ಫೋನಿನ ಸಿಮ್ಮು ಮಗನ ಹೆಸರಿನಲ್ಲಿದೆ. ಮಗ ಸಂಜೆ ಬಂದೊಡನೆ ಅದನ್ನೆತ್ತಿಕೊಂಡು ತಿರುವಿ ಹಾಕುತ್ತಾನೆ, ಅವನಿಗೆ ಸೋದರಮಾವಂದಿರೆಂದರೆ ಪ್ರಾಣ. ಬಸ್ಸು ಹತ್ತಿ ಹಾಸನಕ್ಕೆ ಬರೋಣವೆಂದರೆ ‘ಏನು ವಿಶೇಷ?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಸಹಿ ಹಾಕದಿದ್ದರೆ ಗೌರಿ ಹಬ್ಬದ ಬಾಗಿನ ನಿಂತೀತೆಂಬ ಹೆದರಿಕೆ. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ಅವಳು ಕೇಳಿದ್ದು ನಮ್ಮ ಕೋಣೆಯಲ್ಲಿ. ಹಾಸನದ ನಾನು, ಹೊಳೆನರಸೀಪುರದ ನನ್ನ ತಂಗಿ, ಅರಕಲಗೂಡಿನಲ್ಲಿ ನಿವೃತ್ತ ಮೇಷ್ಟ್ರಮ್ಮನಾಗಿರುವ ಇನ್ನೊಬ್ಬ ಗೆಳತಿ, ಮತ್ತು ಅವಳು, ನಾಲ್ವರೂ ವಾರಕ್ಕೆರಡು ಮಧ್ಯಾಹ್ನ ಅಡಿಗೆಮನೆಯ ಕೆಲಸ ಮುಗಿಸಿ ಸೇರುವ ಕೋಣೆ ಅದು. ಅದಿರುವುದು ಐಆರ್‌ಸಿ ಎಂಬ ಹಳೆಯ ಏರ್ಪಾಡಿನಲ್ಲಿ. ಅದೇ ಬೇಸಿಗೆಯಲ್ಲಿ ನಾನೇ ಕಲಿತು ಉಳಿದ ಮೂವರಿಗೂ ಕಲಿಸಿದ್ದೆ. ಬೆಂಗಳೂರಿನ ನನ್ನ ಸೋದರಳಿಯ ಕಂಪ್ಯೂಟರ್ ಎಂಜಿನಿಯರು. ‘ಅಯ್ಯೋ ಅತ್ತೆ, ಅದು ಅಜ್ಜನ ಕಾಲದ್ದು’ ಎಂದು ನಕ್ಕ. ಅಜ್ಜನ ಕಾಲದ ಒರಳುಕಲ್ಲೂ ನಮ್ಮ ಮನೆಯಲ್ಲಿದೆ ಕಣಪ್ಪ, ಕರೆಂಟು ಹೋದಾಗ ಚಟ್ನಿ ಅದರಲ್ಲೇ ಆಗುವುದು ಎಂದೆ.

ಈ ಏರ್ಪಾಡು ಏನೆಂದು ಹೇಳುತ್ತೇನೆ, ಹೆದರಬೇಡಿ. 1988ರ ಆಗಸ್ಟಿನಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬಾತ ಇದನ್ನು ಬರೆದ. ಇಂಟರ್ನೆಟ್ ರಿಲೇ ಚಾಟ್ ಎಂಬುದರ ಮೊದಲಕ್ಷರಗಳೇ ಐಆರ್‌ಸಿ. ಬರಿಯ ಅಕ್ಷರಗಳ ಮಾತು. ಒಬ್ಬರು ಬರೆದದ್ದು ಕೋಣೆಯಲ್ಲಿದ್ದ ಎಲ್ಲರಿಗೂ ತಕ್ಷಣ ಕಾಣುತ್ತದೆ. 1991ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಸರ್ಕಾರ ಉರುಳಿಸುವ ಯತ್ನ ನಡೆದಾಗ ಜನ ಅಲ್ಲಿನ ಸುದ್ದಿಯನ್ನು ಹೊರಜಗತ್ತಿಗೆ ಇದರ ಮೂಲಕವೂ ದಾಟಿಸಿದರು. ಇದರ ನಿಯಮಗಳನ್ನು 1993ರಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟಿಸಿದರು. ಗಮನವಿಟ್ಟು ನೋಡಬೇಕಾದದ್ದು ಇದೇ. ನಿಯಮ ಬಹಿರಂಗವಾದ್ದರಿಂದ ಇದಕ್ಕೆ ಒಬ್ಬ ಯಜಮಾನನಿಲ್ಲ.

ಒಂದು ಛತ್ರವನ್ನು ಕಲ್ಪಿಸಿಕೊಳ್ಳಿ. ಛತ್ರವೇ ನೆಟ್‌ವರ್ಕ್. ಅಂಡರ್‌ನೆಟ್, ಡಾಲ್‌ನೆಟ್, ಲಿಬೆರಾ ಚಾಟ್ ಇವೆಲ್ಲ ಬೇರೆ ಬೇರೆ ಛತ್ರಗಳು. ಛತ್ರದೊಳಗಿನ ಕೋಣೆಗೆ ಚಾನೆಲ್ ಎನ್ನುತ್ತಾರೆ. ಅಲ್ಲಿ ನೀವು ಕರೆಸಿಕೊಳ್ಳುವ ಹೆಸರು ನಿಕ್. ಒಳಗೆ ಹೋಗುವ ಬಾಗಿಲು ಕ್ಲೈಂಟ್ ಎಂಬ ತಂತ್ರಾಂಶ. ಈ ಬಾಗಿಲನ್ನು ನೀವೇ ಆರಿಸಬಹುದು, ಒಂದೇ ಕೋಣೆಗೆ ನಾಲ್ವರು ನಾಲ್ಕು ಬಾಗಿಲಿನಿಂದ ಬರಬಹುದು. ನಮ್ಮ ಕಥೆ ಹಾಗೆಯೇ ಇದೆ. ನಾನು ವಿಂಡೋಸ್ ಕಂಪ್ಯೂಟರಿನಲ್ಲಿ ಎಂಐಆರ್‌ಸಿ ಬಳಸುತ್ತೇನೆ. ಖಲೀದ್ ಮರ್ದಮ್ ಬೇ ಎಂಬಾತ 1995ರಿಂದ ಬೆಳೆಸಿಕೊಂಡು ಬಂದ ತಂತ್ರಾಂಶ ಅದು, 30 ದಿನ ನೋಡಿ ಆಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು. ನನ್ನ ತಂಗಿ ಈ-ಮೇಲಿಗೆಂದು ಇಟ್ಟುಕೊಂಡಿರುವ ಥಂಡರ್‌ಬರ್ಡ್‌ನಲ್ಲೇ ಈ ಸೌಕರ್ಯವೂ ಇದೆ, ಅದು ಪುಕ್ಕಟೆ. ಅರಕಲಗೂಡಿನವಳು ಫೋನಿನಲ್ಲಿ ಗೊಗುಮಾ ಎಂಬ ಆ್ಯಪ್ ಹಾಕಿಕೊಂಡಿದ್ದಾಳೆ. ಚನ್ನರಾಯಪಟ್ಟಣದವಳಿಗೆ ಏನನ್ನೂ ಹಾಕಿಕೊಳ್ಳುವಂತಿರಲಿಲ್ಲ, ಮಗ ನೋಡುತ್ತಾನಲ್ಲ. ಅವಳು ಬ್ರೌಸರಿನ ಖಾಸಗಿ ಕಿಟಕಿ ತೆರೆದು ಲಿಬೆರಾದ ವೆಬ್ ಪುಟದಿಂದಲೇ ಒಳಬರುತ್ತಾಳೆ. ಮುಚ್ಚಿದ ಮೇಲೆ ಫೋನಿನಲ್ಲಿ ಮಾತಿನ ಗುರುತು ಉಳಿಯದು.

ಹೋಗುವ ದಾರಿಯೂ ಸುಲಭ. ಕ್ಲೈಂಟಿನಲ್ಲಿ ಸರ್ವರಿನ ವಿಳಾಸ ಕೇಳುತ್ತದೆ: ಐಆರ್‌ಸಿ ಡಾಟ್ ಲಿಬೆರಾ ಡಾಟ್ ಚಾಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು. ಪೋರ್ಟ್ ಎಂದು ಕೇಳಿದರೆ 6697. ಹಳೆಯ 6667 ಕೊಟ್ಟರೂ ಹೋಗಬಹುದು, ಆದರೆ ಅದು ತೆರೆದ ಅಂಚೆ ಕಾರ್ಡು. 6697ರಲ್ಲಿ ಸರ್ವರಿನವರೆಗೆ ಲಕೋಟೆ ಅಂಟಿಸಿ ಕಳಿಸಿದ ಹಾಗೆ. ನಿಕ್ ಬರೆಯಿರಿ. ಒಳಹೋದ ಮೇಲೆ ‘ಸ್ಲ್ಯಾಷ್ ಜಾಯಿನ್’ ಎಂದು ಹೊಡೆದು ಕೋಣೆಯ ಹೆಸರು ಕೊಡಿ. ಲಿಬೆರಾ ಮುಖ್ಯವಾಗಿ ಮುಕ್ತ ತಂತ್ರಾಂಶದ ಕೆಲಸಗಾರರ ಛತ್ರ, ಆದರೆ ನಮ್ಮಂಥವರ ಕೂಟಕ್ಕೂ ಅವಕಾಶವಿದೆ. ಅಂಥ ಕೋಣೆಯ ಹೆಸರಿನ ಮುಂದೆ ಎರಡು ಹ್ಯಾಷ್ ಗುರುತು ಇರಬೇಕು. ಇನ್ನೂ ಇಲ್ಲದ ಕೋಣೆಗೆ ಮೊದಲು ಕಾಲಿಟ್ಟವಳೇ ಅದರ ಯಜಮಾನಿ. ಕರೆದವರು ಮಾತ್ರ ಬರಲಿ ಎಂದು ಅಗುಳಿ ಹಾಕಬಹುದು, ತಂಟೆ ಮಾಡಿದವನನ್ನು ಹೊರಗೆ ಕಳಿಸಬಹುದು. ನಿಕ್ ನಿಮ್ಮದೇ ಆಗಿ ಉಳಿಯಬೇಕಾದರೆ ಒಂದು ಈ-ಮೇಲ್ ಕೊಟ್ಟು ನೋಂದಾಯಿಸಬೇಕು. ಫೋನ್ ನಂಬರು ಕೇಳುವುದಿಲ್ಲ. ಗಂಡನ ಹೆಸರು, ಮಗನ ಸಿಮ್ಮು, ಯಾವುದೂ ಬೇಡ. ಹೆಣ್ಣೊಬ್ಬಳನ್ನು ‘ಯಾರ ಮನೆಯವಳು’ ಎಂದು ಕೇಳದ ಜಾಗ ನಮ್ಮ ಸುತ್ತ ಎಷ್ಟಿವೆ, ನೀವೇ ಎಣಿಸಿ.

ಇಲ್ಲಿ ಕನ್ನಡ ಬರುತ್ತದೆಯೇ ಎಂದು ಕೇಳುತ್ತೀರಿ. ಮಾತು ಕನ್ನಡದಲ್ಲಿ ಚೆನ್ನಾಗಿಯೇ ಬರುತ್ತದೆ. ನಿಕ್ ಮಾತ್ರ ಲಿಬೆರಾದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಅದು ನನಗೆ ಸಿಟ್ಟು ತರಿಸುವ ಸಂಗತಿ. ಇನ್ನೊಂದು ಲೆಕ್ಕವೂ ಇದೆ. ಒಂದು ಸಾಲಿನ ಸಂದೇಶ 512 ಬೈಟು ಮೀರುವಂತಿಲ್ಲ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿಯೊಂದು ಗುರುತಿಗೆ, ಒತ್ತಿಗೂ ಕೊಂಬಿಗೂ ಸೇರಿ, 3 ಬೈಟು. ‘ಪುರುಷ’ ಎಂಬುದರಲ್ಲಿ 5 ಗುರುತು, 15 ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ 6 ಗುರುತು, 18 ಬೈಟು. ಯಂತ್ರದಲ್ಲೂ ನಮ್ಮ ಭಾರವೇ ಹೆಚ್ಚು! ಆದ್ದರಿಂದ ಚಿಕ್ಕ ಚಿಕ್ಕ ಸಾಲು ಬರೆಯುವುದನ್ನು ಕಲಿತೆವು. ಕೆಟ್ಟದ್ದೇನೂ ಆಗಲಿಲ್ಲ, ನಮ್ಮ ತಂಗಿಯ ವಾಚಾಳಿತನ ಸ್ವಲ್ಪ ಇಳಿಯಿತು.

ಈಗ ಆಕ್ಷೇಪಗಳಿಗೆ ಬರೋಣ. ‘ವಾಟ್ಸಾಪಿನಲ್ಲಿ 2016ರಿಂದಲೂ ಮಾತಿಗೆ ಎರಡೂ ತುದಿಗೆ ಬೀಗವಿದೆ, ನಿಮ್ಮ ಐಆರ್‌ಸಿಯಲ್ಲಿ ಅದಿಲ್ಲ’ ಎಂದು ಸೋದರಳಿಯ ವಾದಿಸಿದ. ನಿಜ. ಐಆರ್‌ಸಿಯಲ್ಲಿ ಸರ್ವರು ನಡೆಸುವವರಿಗೆ ಮನಸ್ಸು ಬಂದರೆ ಮಾತು ಕಾಣಿಸೀತು. ನೀವು ಯಾವ ಸಂಪರ್ಕದಿಂದ ಬಂದಿರೆಂಬ ಅಂಕಿಯೂ ಇತರರಿಗೆ ಕಾಣಬಹುದು, ಕೇಳಿಕೊಂಡರೆ ಅದನ್ನು ಮರೆಮಾಡಿ ಕೊಡುತ್ತಾರೆ. ಬ್ಯಾಂಕಿನ ಗುಟ್ಟು, ಆಧಾರ್ ನಂಬರು ಅಲ್ಲಿ ಬರೆಯಬೇಡಿ. ಆದರೆ ಒಂದು ಮಾತು ಕೇಳುತ್ತೇನೆ. ಎರಡೂ ತುದಿಗೆ ಬೀಗ ಸರಿ, ನನ್ನ ತುದಿಯ ಕೀಲಿಕೈ ಮಗನ ಜೇಬಿನಲ್ಲಿದ್ದರೆ ಆ ಬೀಗದಿಂದ ನನಗೇನು ಲಾಭ? ಅಮೆರಿಕದ ಕಂಪನಿಯೊಂದು ನನ್ನ ಮಾತನ್ನು ಕದ್ದು ಓದುತ್ತದೆಂಬುದು ನನ್ನ ಮೊದಲ ಭಯವಲ್ಲ. ನಡುಮನೆಯಲ್ಲಿ ಕೂತವರು ಓದುತ್ತಾರೆಂಬುದು ಮೊದಲ ಭಯ. ತಂತ್ರಾಂಶ ಮಾಡುವವರು ಕಳ್ಳನನ್ನು ಊರಾಚೆ ಹುಡುಕುತ್ತಾರೆ. ನಮ್ಮ ಹೆಂಗಸರಿಗೆ ಗೊತ್ತು, ಪತ್ರ ಒಡೆದು ಓದುವವರು ಮನೆಯೊಳಗೇ ಇರುತ್ತಾರೆಂದು.

‘ಮಾತು ಉಳಿಯುವುದಿಲ್ಲ, ನೀವಿಲ್ಲದಾಗ ಆಡಿದ್ದು ನಿಮಗೆ ಸಿಗುವುದಿಲ್ಲ’ ಎಂಬುದು ಇನ್ನೊಂದು ದೂರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ನಾಡಿನವರಿಗೆ ಇದು ದೊಡ್ಡ ಕೊರತೆಯೇ? ಬಾವಿಕಟ್ಟೆಯ ಮಾತನ್ನು ಯಾರು ಬರೆದಿಟ್ಟಿದ್ದರು? ಕೋಣೆಯಲ್ಲಿರುವ ಒಬ್ಬಳು ಬೇಕೆಂದರೆ ತನ್ನ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬಹುದು, ಅದನ್ನು ಮರೆಯುವಂತಿಲ್ಲ. ಯಾರನ್ನು ಒಳಗೆ ಕರೆಯಬೇಕೆಂಬ ವಿವೇಕ ಆದ್ದರಿಂದಲೇ ಬೇಕು. ಆ ವಿವೇಕವನ್ನು ಯಾವ ತಂತ್ರಾಂಶವೂ ಕೊಡದು.

‘ಎಲ್ಲರೂ ಇರುವ ಕಡೆ ಇದ್ದರಾಯಿತು, ಬೇರೆ ಯಾಕೆ?’ ಎನ್ನುವವರಿಗೆ ಎರಡು ನೆನಪು. ಆರ್ಕುಟ್‌ನಲ್ಲಿ ಒಂದು ಕಾಲಕ್ಕೆ ಎಲ್ಲರೂ ಇದ್ದರು; 2014ರ ಸೆಪ್ಟೆಂಬರ್ 30ಕ್ಕೆ ಅದರ ಬಾಗಿಲು ಮುಚ್ಚಿತು. ಯಾಹೂ ಮೆಸೆಂಜರ್‌ನಲ್ಲೂ ಎಲ್ಲರೂ ಇದ್ದರು. 2018ರ ಜುಲೈ 17ಕ್ಕೆ ಅದೂ ಹೋಯಿತು. ಮನೆ ಮಾಲೀಕ ಕದ ಹಾಕಿದ, ಬಾಡಿಗೆದಾರರು ಬೀದಿಗೆ ಬಂದರು. ಐಆರ್‌ಸಿಯಲ್ಲಿ ಆದದ್ದು ನೋಡಿ. ಫ್ರೀನೋಡ್ ಎಂಬ ದೊಡ್ಡ ಛತ್ರವಿತ್ತು. 2021ರಲ್ಲಿ ಅದರ ಯಜಮಾನಿಕೆಯ ಬಗ್ಗೆ ಜಗಳವಾಯಿತು. ಅದನ್ನು ಸಂಬಳವಿಲ್ಲದೆ ನಡೆಸುತ್ತಿದ್ದವರು ಒಟ್ಟಾಗಿ ಹೊರಬಂದು ಮೇ 19ರಂದು ಲಿಬೆರಾ ಚಾಟ್ ಎಂಬ ಹೊಸ ಛತ್ರ ತೆರೆದರು, ಸ್ವೀಡನ್ನಿನಲ್ಲಿ, ಲಾಭದ ಉದ್ದೇಶವಿಲ್ಲದ ಸಂಘವಾಗಿ. ನೂರಾರು ಕೂಟಗಳು ಕೆಲವೇ ವಾರಗಳಲ್ಲಿ ಅಲ್ಲಿಗೆ ಬಂದವು. ಬಂದವರು ಬದಲಿಸಬೇಕಾದದ್ದು ಸರ್ವರಿನ ವಿಳಾಸ ಒಂದೇ, ಬಾಗಿಲು ಅದೇ, ಭಾಷೆ ಅದೇ. ಬಾಗಿಲೇ ಹೋದರೂ ಚಿಂತೆಯಿಲ್ಲ. ಹೆಕ್ಸ್‌ಚಾಟ್ ಎಂಬ ಹೆಸರಾದ ಕ್ಲೈಂಟಿನ ಕೊನೆಯ ಆವೃತ್ತಿ 2024ರ ಫೆಬ್ರವರಿಯಲ್ಲಿ ಬಂತು, ಆಮೇಲೆ ಅದನ್ನು ಮಾಡುವವರು ಕೈಬಿಟ್ಟರು. ಅದನ್ನು ಬಳಸುತ್ತಿದ್ದವರಿಗೆ ಬೇರೆ ಬಾಗಿಲು ತೆರೆದೇ ಇತ್ತು, ಕೋಣೆ ಇದ್ದಲ್ಲೇ ಇತ್ತು. ಹೊರಟುಬರುವ ಸ್ವಾತಂತ್ರ್ಯವಿದ್ದರೆ ಮಾತ್ರ ಇರುವುದಕ್ಕೆ ಒಂದು ಮರ್ಯಾದೆ. ಮದುವೆಯ ವಿಷಯದಲ್ಲಿ ಇದನ್ನು ಹೇಳಿದರೆ ನನಗೆ ಕಲ್ಲು ಬೀಳುತ್ತದೆ, ತಂತ್ರಾಂಶದ ವಿಷಯದಲ್ಲಾದರೂ ಹೇಳಿಬಿಡುತ್ತೇನೆ.

‘ಇದೆಲ್ಲ ದೊಡ್ಡ ಊರಿನ ಬುದ್ಧಿವಂತರಿಗೆ’ ಎನ್ನುವ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ರೇಗಿಸುತ್ತದೆ. ಪಶ್ಚಿಮ ಬಂಗಾಳದ ದುರ್ಗಾಪುರ ಕಲ್ಕತ್ತೆಯಲ್ಲ. ಅಲ್ಲಿನ ಲಿನಕ್ಸ್ ಬಳಕೆದಾರರ ಗುಂಪು 2008ರಲ್ಲಿ ಐಆರ್‌ಸಿಯಲ್ಲೇ ಬೇಸಿಗೆ ತರಗತಿ ಶುರು ಮಾಡಿತು. ಬರಿಯ ಅಕ್ಷರಗಳಾದ್ದರಿಂದ ಎಷ್ಟು ನಿಧಾನದ ಲೈನಿನಲ್ಲೂ ಪಾಠ ಕೇಳಬಹುದಿತ್ತು. ಪ್ರಶ್ನೆ ಇದ್ದವರು ಒಂದು ಆಶ್ಚರ್ಯಸೂಚಕ ಚಿಹ್ನೆ ಹೊಡೆದು ಸರದಿಗೆ ಕಾಯಬೇಕು. ಕೈ ಎತ್ತಿದ ಹಾಗೆ. ಗಂಟಲು ದೊಡ್ಡದಿದ್ದವನೇ ಮೊದಲು ಎಂಬ ನಿಯಮ ಅಲ್ಲಿಲ್ಲ. ನಮ್ಮ ನಾಲ್ವರ ಕೋಣೆಯಲ್ಲೂ ಈ ಪದ್ಧತಿ ತಂದೆ. ಮೇಷ್ಟ್ರಮ್ಮಂದಿರು ಇಬ್ಬರಿರುವ ಕಡೆ ಅದು ತೀರ ಅಗತ್ಯ.

ಆ ಮಧ್ಯಾಹ್ನ ಚನ್ನರಾಯಪಟ್ಟಣದವಳು ಅದೇ ಗುರುತು ಹೊಡೆದು ಕಾದಳು. ಸಹಿಯ ವಿಷಯ ಬರೆದಳು. ಅರಕಲಗೂಡಿನವಳಿಗೆ ಕಾನೂನಿನ ಗಂಧವಿತ್ತು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಬರೆದಳು. ತಿದ್ದುಪಡಿ ಬಂದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ ಎಂದಳು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಪಾಲಾಗಿ ಹೋಗಿದ್ದರೆ ಮಾತು ಬೇರೆ, ಮೊದಲು ಪಹಣಿ ತೆಗೆಸಿ ನೋಡು ಎಂದಳು. ನಾನು ಬರೆದೆ: ಹೆಂಗಸರಿಗೆ ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ವಕೀಲರ ನೆರವು ಪುಕ್ಕಟೆ, ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ನನ್ನ ತಂಗಿ ಕಾನೂನು ಬರೆಯಲಿಲ್ಲ. ‘ಬಾಗಿನ ನಾವು ಮೂವರು ಕೊಡ್ತೀವಿ ಕಣೇ’ ಎಂದು ಬರೆದಳು. ಬಹಳ ಹೊತ್ತು ಆ ಕಡೆಯಿಂದ ಸಾಲೇ ಬರಲಿಲ್ಲ.

ಸೋಮವಾರ ಅವಳು ಸಹಿ ಹಾಕಲಿಲ್ಲ. ‘ಪತ್ರದ ಕಾಪಿ ಕೊಡಿ, ಓದಿ ಹೇಳ್ತೀನಿ’ ಎಂದಳು. ಅಷ್ಟೇ ಮಾತು. ಅಣ್ಣಂದಿರು ಮುಖ ಊದಿಸಿಕೊಂಡು ಹೋದರು. ಪಾಲಿನ ಮಾತುಕತೆ ಇನ್ನೂ ನಡೆಯುತ್ತಿದೆ, ವಕೀಲರೂ ಇದ್ದಾರೆ. ಅವಳು ಪಾಲು ತೆಗೆದುಕೊಳ್ಳುತ್ತಾಳೋ, ಅಣ್ಣಂದಿರಿಗೇ ಬಿಟ್ಟುಕೊಡುತ್ತಾಳೋ ಅದು ಅವಳ ಇಷ್ಟ. ಬಿಟ್ಟುಕೊಟ್ಟರೂ ಓದಿ ಬಿಟ್ಟುಕೊಡುತ್ತಾಳೆ. ಒಮ್ಮೆ ನೋಂದಣಿಯಾದ ಬಿಡುಗಡೆ ಪತ್ರವನ್ನು ಹಿಂದಕ್ಕೆ ತರಲು ವರ್ಷಗಟ್ಟಲೆ ಕೋರ್ಟು ಅಲೆಯಬೇಕು. ಕಾಪಿ ಕೇಳಲು ಒಂದು ಮಧ್ಯಾಹ್ನದ ಧೈರ್ಯ ಸಾಕಾಯಿತು.

ಐಆರ್‌ಸಿಗೇ ಬನ್ನಿ ಎಂದು ನಾನು ಯಾರ ಕೈಯನ್ನೂ ಎಳೆಯುವುದಿಲ್ಲ. ನಿಮಗೆ ಬೇರೆ ಬಾಗಿಲು ಹಿಡಿಸಿದರೆ ಅದೇ ಆಗಲಿ. ವಾಟ್ಸಾಪಿನಲ್ಲೇ ಇರುತ್ತೀರಾದರೆ, ಯಾರು ನಿಮ್ಮನ್ನು ಗುಂಪಿಗೆ ಸೇರಿಸಬಹುದೆಂದು ನೀವೇ ನಿಗದಿ ಮಾಡುವ ಸೌಲಭ್ಯ 2019ರಿಂದ ಇದೆ. ಅದನ್ನಾದರೂ ಇವತ್ತೇ ಹುಡುಕಿ ಬದಲಿಸಿ. ಆದರೆ ಯಾವ ಬಾಗಿಲಾದರೂ ಒಳಗೆ ಕಾಲಿಡುವ ಮೊದಲು ಮೂರು ಪ್ರಶ್ನೆ ಕೇಳಿ. ಇಲ್ಲಿ ನನ್ನ ಹೆಸರು ಇಟ್ಟವರು ಯಾರು? ಒಳಗೆ ಯಾರು ಬರಬೇಕೆಂದು ತೀರ್ಮಾನಿಸುವವರು ಯಾರು? ಬೇಡವೆನಿಸಿದ ದಿನ ನನ್ನ ಗೆಳತಿಯರ ಸಮೇತ ಎದ್ದು ಹೋಗಬಹುದೇ? ಮೂರಕ್ಕೂ ಬೇರೆಯವರ ಹೆಸರೇ ಉತ್ತರವಾದರೆ ಆ ಜಾಗ ನಡುಮನೆಯ ಟೆಲಿಫೋನೇ ಸರಿ, ಕ್ರೋಶಾ ಹೊದಿಕೆ ಬದಲಾಗಿದೆ ಅಷ್ಟೆ.

ನಮ್ಮ ಕೋಣೆಯ ಹೆಸರೇನೆಂದು ಇದನ್ನು ಓದಿದ ಕೆಲವರಾದರೂ ಕೇಳುತ್ತೀರಿ. ಹೇಳುವುದಿಲ್ಲ, ಅದು ನಾಲ್ವರದು. ನಿಮ್ಮ ಊರಿನಲ್ಲಿ ನಿಮ್ಮ ನಾಲ್ವರನ್ನು ಹುಡುಕಿಕೊಂಡು ನಿಮ್ಮದನ್ನು ನೀವು ತೆರೆಯಿರಿ. ಮಗನೋ ಅಳಿಯನೋ ‘ಕೊಡಮ್ಮ, ನಾನು ಹಾಕಿಕೊಡ್ತೀನಿ’ ಎಂದು ಕೈ ಚಾಚುತ್ತಾನೆ. ವಿಳಾಸ, ಪೋರ್ಟು ಬೇಕಾದರೆ ಅವನೇ ಹಾಕಿಕೊಡಲಿ, ಪಾಪ. ಹೆಸರು ಬರೆಯುವ ಜಾಗ ಬಂದಾಗ ಮಾತ್ರ ಯಂತ್ರವನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಲಿಬೆರಾದಲ್ಲಿ 16 ಅಕ್ಷರಗಳವರೆಗೆ ಬರೆಯಬಹುದು, ಬೇಕಾದಷ್ಟಾಯಿತು.